ಗುಂಡಿನ ಲೆಕ್ಕ

ಬೈಲಹೊಂಗಲ ತಾಲೂಕಿನಲ್ಲಿ ಬಂದೂಕಿನ ಮಾತು ಎತ್ತಿದರೆ ಅಮಟೂರ ಬಾಳಪ್ಪನ ಹೆಸರು ಬರದೇ ಹೋಗುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯನ್ನು ಕೆಡವಿದ ಗುಂಡು ಅವನದೇ ಎಂದು ನಮ್ಮ ಕಡೆ ಸಣ್ಣ ಹುಡುಗರೂ ಹೇಳುತ್ತಾರೆ. ಅವತ್ತು ಕ್ಯಾಪ್ಟನ್ ಬ್ಲ್ಯಾಕ್ ಮತ್ತು ಇನ್ನಿಬ್ಬರು ಲೆಫ್ಟಿನೆಂಟರೂ ಸತ್ತರು, ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ಎಲಿಯಟ್ ಕೈಸೆರೆಯಾದರು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಇದ್ದಾನಲ್ಲ, ಸತ್ತ ಕಲೆಕ್ಟರ್ ಅವನಿಗೆ ಚಿಕ್ಕಪ್ಪನಾಗಬೇಕು. ಇದನ್ನು ಹೇಳಿದರೆ ನನ್ನ ಇಂಗ್ಲಿಷ್ ಮಾಸ್ತರ ಗೆಳೆಯರು ಈಗಲೂ ಕಣ್ಣರಳಿಸುತ್ತಾರೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು, ಜೊತೆಗೆ ಎನ್‌ಸಿಸಿಯನ್ನೂ ನೋಡಿಕೊಂಡವನು. ಶಾಲೆಯ ಗ್ಯಾದರಿಂಗಿನಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ನಾಟಕ ಇಟ್ಟುಕೊಂಡರೆ ಗಂಡುಹುಡುಗರ ಜಗಳ ರಾಯಣ್ಣನ ಪಾತ್ರಕ್ಕಿಂತ ಬಾಳಪ್ಪನ ಪಾತ್ರಕ್ಕೇ ಹೆಚ್ಚು. ಮಾತು ಕಡಿಮೆ, ಕೈಯಲ್ಲಿ ಕಟ್ಟಿಗೆಯ ಬಂದೂಕು, ಪರದೆಯ ಹಿಂದೆ ಯಾರೋ ಪಟಾಕಿ ಹಚ್ಚುತ್ತಾರೆ, ಥ್ಯಾಕರೆ ಬೀಳುತ್ತಾನೆ, ಚಪ್ಪಾಳೆ. ಮರುದಿನ ತರಗತಿಯಲ್ಲಿ ಒಬ್ಬನಾದರೂ ಎದ್ದು ಕೇಳುತ್ತಿದ್ದ: "ಸರ್, ಅಷ್ಟು ದೂರದಿಂದ ಹೆಂಗ ಹೊಡದ?"

ನಾಟಕದಲ್ಲಿ ತೋರಿಸುವಷ್ಟು ದೂರದಿಂದ ಹೊಡೆದಿರಲಿಕ್ಕಿಲ್ಲ. ಆಗಿನ ಬಂದೂಕಿಗೆ ಬಾಯಿಂದಲೇ ಮದ್ದು ಹಾಕಬೇಕು, ಗುಂಡು ಇಳಿಬಿಡಬೇಕು, ಉದ್ದನೆಯ ಗಜದಿಂದ ಜಡಿಯಬೇಕು, ಆಮೇಲೆ ಬಂದೂಕಿನ ಕಿವಿಗೆ ಬೆಂಕಿ ಮುಟ್ಟಿಸಬೇಕು. ನಳಿಗೆಯ ಒಳಗೆ ತಿರುಚು ಗೆರೆಗಳಿಲ್ಲ, ಹಾಗಾಗಿ ನೂರು ಗಜದಾಚೆ ಗುಂಡು ಎತ್ತ ಹೋಗುತ್ತದೆ ಎಂಬ ಭರವಸೆ ಇಲ್ಲ. ಒಮ್ಮೆ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಕುದುರೆ ಮೈಮೇಲೆ ಬಂದಿರುತ್ತದೆ. ಅಂಥ ಬಂದೂಕಿನಿಂದ ಗದ್ದಲದ ನಡುವೆ ಒಬ್ಬನನ್ನೇ ಆರಿಸಿ ಕೆಡವಿದ್ದರೆ ಆ ಕೈ ಮೊದಲೇ ಪಳಗಿದ ಕೈ.

ಪಳಗಿದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೋಟೆಯಲ್ಲಿ ಹುಡುಕಿದರೆ ಪೂರ್ತಿ ಸಿಗುವುದಿಲ್ಲ, ಹಳ್ಳಿಗಳಲ್ಲಿ ಹುಡುಕಬೇಕು. ಕಿತ್ತೂರು ಸಂಸ್ಥಾನದ ಬಲ ನಿಂತಿದ್ದು ಶೇತ್‌ಸನದಿಗಳ ಮೇಲೆ. ಇವರಿಗೆ ಸಂಬಳವಿಲ್ಲ, ಸನದು ಕೊಟ್ಟ ಹೊಲ ಇತ್ತು. ಉಳುವುದು, ಊರು ಕಾಯುವುದು, ಕರೆ ಬಂದರೆ ಆಯುಧ ಹಿಡಿದು ಹೊರಡುವುದು. ಆಯುಧ ಮನೆಯ ಗೋಡೆಯ ಮೇಲೇ ತೂಗುತ್ತಿತ್ತು. ಸಂಗೊಳ್ಳಿ ರಾಯಣ್ಣ ಇಂಥ ಒಬ್ಬ ಶೇತ್‌ಸನದಿ. ಕಿತ್ತೂರು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಸನದಿನ ಹೊಲಗಳಿಗೆ ಕೈಹಾಕಿದರು, ಕಂದಾಯ ಏರಿಸಿದರು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ರಾಯಣ್ಣ ಬೀಡಿಯ ಕಚೇರಿ ಸುಟ್ಟ, ಸಂಪಗಾವಿಯ ಮೇಲೆ ಬಿದ್ದ, ಕೊನೆಗೆ 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಪುಸ್ತಕಗಳು ಇದನ್ನು ಸ್ವಾತಂತ್ರ್ಯದ ಕಥೆಯಾಗಿ ಹೇಳುತ್ತವೆ, ಸರಿಯೇ. ನನಗೆ ಕಾಣುವ ಇನ್ನೊಂದು ಸಂಗತಿ ಏನೆಂದರೆ, ಹೊಲ ಹೋದಾಗ ಆ ಹೊಲದ ಜೊತೆಗಿದ್ದ ಆಯುಧದ ಹಕ್ಕೂ ಹೋಯಿತು.

ಉಳಿದದ್ದನ್ನು ಕಾಯ್ದೆ ಮುಗಿಸಿತು. 1857ರ ಸೆಪ್ಟೆಂಬರಿನಲ್ಲಿ ಬಂದ ನಿಶ್ಶಸ್ತ್ರೀಕರಣ ಕಾಯ್ದೆಯ ಪ್ರಕಾರ ಆಯುಧ ಇದ್ದವರೆಲ್ಲ ಬರೆಸಬೇಕು, ಒಪ್ಪಿಸಬೇಕು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಮುಧೋಳದಲ್ಲಿ 13 ಜನ, ಹಲಗಲಿಯಲ್ಲಿ 6 ಜನ ಗಲ್ಲಿಗೆ ಹೋದರು. ಈ ಕಥೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಬರೆದಿಟ್ಟುಕೊಂಡ. ಅದೀಗ ನಮ್ಮ ಮಕ್ಕಳ ಕನ್ನಡ ಪಠ್ಯದಲ್ಲಿದೆ. ಪರೀಕ್ಷೆಗೆ ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ. ಆ ಕಾಯ್ದೆಯ ಮೊಮ್ಮಗ ಇಂದಿಗೂ ಬೆಳಗಾವಿಯ ಡಿಸಿ ಕಚೇರಿಯಲ್ಲಿ ಕೂತಿದ್ದಾನೆಂದು ಅವರಿಗೆ ಯಾರೂ ಹೇಳುವುದಿಲ್ಲ.

ಹಲಗಲಿ ಸುಟ್ಟ ಆರು ತಿಂಗಳಿಗೆ ಅದೇ ಬೆಂಕಿ ನಮ್ಮ ಹತ್ತಿರ ಬಂತು. ನರಗುಂದದ ಅರಸ ಬಾಬಾಸಾಹೇಬನಿಗೆ ದತ್ತಕದ ಹಕ್ಕು ನಿರಾಕರಿಸಿದ್ದರು, ತೋಪು ಮದ್ದು ಧಾರವಾಡಕ್ಕೆ ಕಳಿಸು ಎಂದಿದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಅವನನ್ನು ದಾರಿಗೆ ತರಲು ರಾಮದುರ್ಗದ ಮೂಲಕ ಹೊರಟ. ರಾಮದುರ್ಗದ ಅರಸ ಬಾಬಾಸಾಹೇಬನ ಮಲತಮ್ಮ. ನರಗುಂದದ ಕಡೆ ಹೋಗಬೇಡಿ ಎಂದು ಎಚ್ಚರಿಸಿದನಂತೆ. ಮ್ಯಾನ್‌ಸನ್ ಕೇಳಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ತಲೆ ಹೋಯಿತು, ಮರುದಿನ ನರಗುಂದದ ಅಗಸಿಯಲ್ಲಿ ಜನ ಅದನ್ನು ನೋಡಿದರು. ಎರಡು ವಾರದೊಳಗೆ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆಮೇಲೆ 1878ರ ಶಸ್ತ್ರ ಕಾಯ್ದೆ, ಸ್ವಾತಂತ್ರ್ಯ ಬಂದ ಮೇಲೆ 1959ರದು. ಹೆಸರು ಬದಲಾಯಿತು, ಪರವಾನಗಿಯ ಪುಸ್ತಕ ಮಾತ್ರ ಉಳಿಯಿತು.

ಇದನ್ನೆಲ್ಲ ಮತ್ತೆ ಕೆದಕುವಂತೆ ಮಾಡಿದವನು ಅಮೆರಿಕದ ಅರಿಜೋನಾದಲ್ಲಿರುವ ನನ್ನ ತಂಗಿಯ ಮಗ. ಗ್ರೀನ್ ಕಾರ್ಡ್ ಬಂದ ಮೇಲೆ ಅವನು ಹಿಡಿದ ಹವ್ಯಾಸ ಪಿಸ್ತೂಲಿನಿಂದ ಉಕ್ಕಿನ ಪ್ರಾಣಿಗಳನ್ನು ಕೆಡವುವುದು. ಸಾಲಾಗಿ ಐದೈದು ಉಕ್ಕಿನ ಆಕೃತಿ: ಕೋಳಿ 50 ಮೀಟರಿಗೆ, ಹಂದಿ 100ಕ್ಕೆ, ಟರ್ಕಿ ಕೋಳಿ 150ಕ್ಕೆ, ಟಗರು 200ಕ್ಕೆ. ಎಡದಿಂದ ಬಲಕ್ಕೆ ಒಂದಕ್ಕೆ ಒಂದೇ ಗುಂಡು. ಸರದಿ ತಪ್ಪಿಸಿ ಮುಂದಿನದನ್ನು ಬೀಳಿಸಿದರೆ ಲೆಕ್ಕಕ್ಕಿಲ್ಲ. "ಮಾಮಾ, ಬಡದ್ರ ಸಾಲಂಗಿಲ್ಲ, ಕೆಡವಬೇಕು," ಎಂದ ಫೋನಿನಲ್ಲಿ. ಇಪ್ಪತ್ತು ಕಿಲೋ ಮೀರಿದ ಟಗರಿನ ಕಾಲಿಗೆ ಗುಂಡು ತಗಲಿ ಠಣ್ ಎಂದರೂ ಅದು ನಿಂತೇ ಇದ್ದರೆ ಸೊನ್ನೆ.

ಆಟದ ಹುಟ್ಟು ಮೆಕ್ಸಿಕೋದಲ್ಲಿ. ಅಲ್ಲಿಯ ಜಾತ್ರೆಗಳಲ್ಲಿ ಜೀವಂತ ಕೋಳಿ ಕುರಿಗಳನ್ನೇ ದೂರದಲ್ಲಿ ಕಟ್ಟಿ ಹೊಡೆಯುತ್ತಿದ್ದರು. 1948ರಲ್ಲಿ ಗೊನ್ಜಾಲೊ ಅಗಿಲಾರ್ ಎಂಬಾತ ಮೆಕ್ಸಿಕೋ ನಗರದಲ್ಲಿ ಪ್ರಾಣಿಗಳ ಬದಲು ಉಕ್ಕಿನ ಆಕೃತಿ ನಿಲ್ಲಿಸಿದ. ಆಟ ಗಡಿ ದಾಟಿ ಅರಿಜೋನಾಕ್ಕೆ ಬಂತು, ರೈಫಲ್ಲಿನಿಂದ ಪಿಸ್ತೂಲಿಗೆ ಇಳಿಯಿತು, 1976ರಲ್ಲಿ ಪಿಸ್ತೂಲಿನವರದೇ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ನಮ್ಮ ಜಾತ್ರೆಯ ಟಗರು ಇನ್ನೊಂದು ಟಗರಿಗೆ ಡಿಕ್ಕಿ ಹೊಡೆಯುತ್ತದೆ, ಅವರದು ಸುಮ್ಮನೆ ನಿಂತು ಗುಂಡು ತಿನ್ನುತ್ತದೆ.

ಅಳಿಯ ಶುರು ಮಾಡಿದ ಬಗೆ ಕೇಳಿ ನನಗೆ ಸಮಾಧಾನವಾಯಿತು. ಮೊದಲು ಬಂದೂಕು ಕೊಳ್ಳಲಿಲ್ಲ. ಕ್ಲಬ್ಬಿಗೆ ಹೋಗಿ ಬರೀ ನೋಡಿದ, ಯಾರೋ ಹಿರಿಯರ .22 ಪಿಸ್ತೂಲು ಎರವಲು ಪಡೆದ. ಸಣ್ಣ ಆಕೃತಿ, ಕಡಿಮೆ ದೂರ, ಅಗ್ಗದ ಗುಂಡು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಪಕ್ಕದಲ್ಲಿ ಒಬ್ಬ ದುರ್ಬೀನು ಹಿಡಿದು ಕೂತು ಗುಂಡು ಬಿದ್ದ ಜಾಗದ ಧೂಳು ನೋಡಿ "ಎಡಕ್ಕೆ, ಸ್ವಲ್ಪ ಕೆಳಗೆ" ಎಂದು ಹೇಳುತ್ತಾನೆ. ದೊಡ್ಡ ಪಿಸ್ತೂಲಿನವರು ಬೆನ್ನ ಮೇಲೆ ಮಲಗಿ, ಮಡಿಸಿದ ಕಾಲಿನ ಪಕ್ಕಕ್ಕೆ ನಳಿಗೆ ಆನಿಸಿ ಹೊಡೆಯುತ್ತಾರಂತೆ. ವಿಡಿಯೋ ನೋಡಿದ ನನ್ನ ಹೆಂಡತಿ "ಉಂಡು ಅಡ್ಡಾದವರಂಗ ಅದಾರಲ್ರೀ" ಎಂದಳು.

ಅವನ ಪ್ರಶ್ನೆ ಇಷ್ಟೇ: ಬಾಳಪ್ಪನ ಊರಿನವರು ನಾವು, ನಮ್ಮಲ್ಲಿ ಇಂಥದ್ದು ಯಾಕಿಲ್ಲ?

ಕೊಡಗಿನಲ್ಲಿದೆ ಎಂದೆ. ಅಲ್ಲಿ ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಕಾಯಿ ಒಡೆಯಿತೋ ಇಲ್ಲವೋ, ಅಷ್ಟೇ ಲೆಕ್ಕ. ಅಳಿಯನ ಟಗರಿಗೂ ಇದಕ್ಕೂ ಸೋದರಿಕೆ ಇದೆ. ಕೊಡವರು ಬ್ರಿಟಿಷರ ಕಾಲದಿಂದ ಶಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಪಡೆದವರು. ಬ್ರಿಟಿಷರ ವಿಶ್ವಾಸ ಗಳಿಸಿದ ಸೀಮೆಯಲ್ಲಿ ಕೋವಿ ಮನೆಯಲ್ಲೇ ಉಳಿಯಿತು, ಹಬ್ಬವಾಯಿತು, ಪಂದ್ಯವಾಯಿತು. ಕಲೆಕ್ಟರನನ್ನು ಕೊಂದ, ಏಜೆಂಟನ ತಲೆ ಕಡಿದ ಸೀಮೆಗೆ ಆ ಭಾಗ್ಯ ಎಲ್ಲಿಂದ ಬರಬೇಕು? ನಮ್ಮವರಿಗೆ ಗುರಿಯ ಗೀಳಿಲ್ಲ, ಕುಸ್ತಿ ಮತ್ತು ಕಲ್ಲು ಎತ್ತುವುದೇ ನಮ್ಮ ಆಟ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಆಟಕ್ಕೆ ಸಾಮಾನು ಬೇಕು, ಸಾಮಾನು ಮನೆಯಲ್ಲಿರಬೇಕು.

ಈಗ ಬೈಲಹೊಂಗಲದಲ್ಲೋ ಸವದತ್ತಿಯಲ್ಲೋ ಬಂದೂಕು ಇರುವ ರೈತನ ಮನೆಯಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿ ಅಥವಾ ಜೋಡು ನಳಿಗೆ ಇರುತ್ತದೆ. ಅದಕ್ಕೆ ಪೊಲೀಸರ ವರದಿ, ತಹಶೀಲ್ದಾರರ ವರದಿ, ನವೀಕರಣ. ಚುನಾವಣೆ ಘೋಷಣೆಯಾದರೆ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ಪಡೆಯಬೇಕು. ಪಿಸ್ತೂಲಂತೂ ಕೈಗೆಟುಕದ ಮಾತು.

ಎನ್‌ಸಿಸಿಯಲ್ಲಿ ಬಂದೂಕಿಗೆ ಇಡುವ ಈ ಲೆಕ್ಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಯಾಂಪಿನಲ್ಲಿ ಫೈರಿಂಗ್ ದಿನ .22 ರೈಫಲ್ಲುಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ಸುಬೇದಾರ್ ಸಾಹೇಬರು ಒಂದೊಂದರ ನಂಬರು ಓದಿ ಸಹಿ ಮಾಡಿಸಿಕೊಳ್ಳುತ್ತಿದ್ದರು. ಹುಡುಗ ನೆಲದ ಮೇಲೆ ಮಲಗಿ ಐದು ಸುತ್ತು ಹೊಡೆಯುತ್ತಾನೆ. ಸುತ್ತು ಮುಗಿದರೆ ಗುರಿಹಲಗೆ ನೋಡಲು ಓಡುವ ಹಾಗಿಲ್ಲ. ಮೊದಲು ಖೋಕಾ, ಅಂದರೆ ಖಾಲಿ ಕಾಡತೂಸು, ಎಣಿಸಬೇಕು. ಐದು ಕೊಟ್ಟಿದ್ದರೆ ಐದು ಖೋಕಾ ಬರಬೇಕು. ಒಂದು ಸಲ ಒಂದು ಕಡಿಮೆ ಬಿತ್ತು. ಬಿಸಿಲಿನಲ್ಲಿ ಇಡೀ ಪ್ಲಟೂನು ಮೊಣಕಾಲೂರಿ ಗರಿಕೆಯಲ್ಲಿ ಬೆರಳಾಡಿಸಿತು. ಆ ಸಣ್ಣ ಹಿತ್ತಾಳೆ ಚೂರು ಕೊನೆಗೆ ಒಬ್ಬ ಹುಡುಗನ ಮಡಿಸಿದ ತೋಳಿನಲ್ಲೇ ಸಿಕ್ಕಿತು. ಆಮೇಲೆ ಯಾರ ಗುಂಡು ಎಲ್ಲಿ ಬಿದ್ದಿದೆ ಎಂದು ನೋಡುವ ಹುರುಪು ಯಾರಿಗೂ ಇರಲಿಲ್ಲ.

ಬಂದೂಕಿಲ್ಲದ ಗುರಿ ಉಳಿದದ್ದು ಹೊಲದಲ್ಲಿ. ಯರಿ ಹೊಲದ ಜೋಳ ಸೀತನಿಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುವವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಹುರಿಯ ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳ ಕೆಳಗೆ, ನಡುವಿನ ಬಟ್ಟಲಲ್ಲಿ ಕಲ್ಲು. ತಲೆಯ ಮೇಲೆ ಎರಡು ಸುತ್ತು ಬೀಸಿ ಹೆಬ್ಬೆರಳು ಸಡಿಲಿಸಿದರೆ ಹಕ್ಕಿಗಳ ಹಿಂಡು ಕೂತ ತೆನೆಯ ಪಕ್ಕಕ್ಕೇ ಕಲ್ಲು ಬೀಳುತ್ತಿತ್ತು, ತೆನೆ ಮುರಿಯುತ್ತಿರಲಿಲ್ಲ.

ಇನ್ನು ಉಳಿದದ್ದು ಜಾತ್ರೆಯ ಬಲೂನು ಅಂಗಡಿ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಹಲಗೆಗೆ ಬಲೂನು ಕಟ್ಟಿಕೊಂಡು, ನಳಿಗೆ ಮುರಿದು ಸೀಸದ ಗುಳಿಗೆ ತುಂಬುವ ಏರ್‌ಗನ್ ಹಿಡಿದು ಕೂತಿರುತ್ತಾರೆ. ಈ ಏರ್‌ಗನ್ನಿಗೆ, ಬೋರು 0.177 ಅಂಗುಲ ಮತ್ತು ಶಕ್ತಿ 20 ಜೌಲ್ ಮೀರದಿದ್ದರೆ, ಪರವಾನಗಿ ಬೇಕಿಲ್ಲ. ನಮ್ಮ ಸೀಮೆಯ ಹುಡುಗ ಹುಡುಗಿಯರಿಗೆ ಗುರಿಯ ಮೊದಲ ಪಾಠ ಆಗುವುದಾದರೆ ಇದರಿಂದಲೇ. ಮುಂದೆ ಮನಸ್ಸಿದ್ದವರಿಗೆ 10 ಮೀಟರಿನ ಏರ್ ಪಿಸ್ತೂಲು ಇದೆ, ಅದು ಒಲಿಂಪಿಕ್ಸಿನವರೆಗೂ ಒಯ್ಯುತ್ತದೆ. ಉಕ್ಕಿನ ಪ್ರಾಣಿಗಳ ಆಟಕ್ಕೂ ಏರ್ ಪಿಸ್ತೂಲಿನ ಮರಿ ರೂಪವಿದೆ ಎಂದು ಅಳಿಯ ಹೇಳಿದ್ದ: ಹತ್ತನೇ ಒಂದರಷ್ಟು ಅಳತೆಯ ಕೋಳಿ 10 ಗಜಕ್ಕೆ, ಟಗರು 18 ಗಜಕ್ಕೆ.

ಹೋದ ಜಾತ್ರೆಯಲ್ಲಿ ಒಬ್ಬ ಅಂಗಡಿಯವನಿಗೆ ಅದನ್ನೇ ಹೇಳಿದೆ. ಬಲೂನಿನ ಬದಲು ತಗಡಿನ ಸಣ್ಣ ಕುರಿ ಮಾಡಿಸಿ ನಿಲ್ಲಿಸು, ಬಿದ್ದರೆ ಎತ್ತಿ ನಿಲ್ಲಿಸಿದರಾಯಿತು, ಬಲೂನಿನ ಖರ್ಚೂ ಉಳಿಯುತ್ತದೆ ಎಂದೆ. ಅವನು ಗುಳಿಗೆ ತುಂಬುತ್ತಲೇ ಕೇಳಿಸಿಕೊಂಡ.

"ತಗಡಿಗೆ ಬಡದ ಗುಳಿಗಿ ವಾಪಸ್ ಬರತೈತಿ ಸರ್. ಗಿರಾಕಿ ಕಣ್ಣಿಗೆ ಸಿಡದ್ರ ನನ್ನ ಕಥಿ ಮುಗೀತು. ಮತ್ತ ಬಲೂನು ಒಡದ್ರ ಸಪ್ಪಳ ಆಗತೈತಿ, ಆ ಸಪ್ಪಳಕ್ಕ ಮಂದಿ ಬರ್ತಾರ."

ಕಣ್ಣಿನ ಮಾತು ಅವನದು ಸರಿ. ಅಳಿಯನ ಕ್ಲಬ್ಬಿನಲ್ಲೂ ಕನ್ನಡಕವಿಲ್ಲದೆ ಗೆರೆಯ ಹತ್ತಿರ ಬಿಡುವುದಿಲ್ಲ. ಸಪ್ಪಳದ ಮಾತಿಗೆ ನಾನು ಒಪ್ಪದೆ, ಟಗರು ಬಿದ್ದರೆ ಅದಕ್ಕೂ ಸಪ್ಪಳ ಇರುತ್ತದಪ್ಪಾ ಎಂದೆ. ಅಷ್ಟರಲ್ಲಿ ಹಿಂದೆ ನಾಲ್ಕೈದು ಹುಡುಗರು ರೊಕ್ಕ ಹಿಡಿದು ನಿಂತಿದ್ದರು, "ಸರ್, ನೀವು ಹೊಡಿಯೋದಾದ್ರ ಹೊಡೀರಿ, ಇಲ್ಲಾ ಬಾಜೂ ನಿಲ್ರಿ" ಎಂದ.