ಅರವತ್ತರ ಮೇಲೆ ಹೊಸ ಅಕ್ಷರಾಭ್ಯಾಸ

ತಾಪಿ ನದಿ ಕಡಲು ಸೇರುವೆಡೆಯಲ್ಲಿರುವ ನಮ್ಮ ಹಜೀರಾದ ಕೈಗಾರಿಕಾ ಚರಿತ್ರೆ ಬಹಳ ಹಳೆಯದೇನಲ್ಲ. ಕಡಲಾಳದ ಅನಿಲವನ್ನು ನೆಚ್ಚಿ ಇಲ್ಲಿ ಕಾರ್ಖಾನೆಗಳು ಎದ್ದವು. ಕೃಭಕೋ ಗೊಬ್ಬರ ಕಾರ್ಖಾನೆ 1986ರಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿತು. ಆ ದಿನಗಳಲ್ಲಿ ಮೂವತ್ತರ ಹರೆಯದಲ್ಲಿ ಬಂದವರಿಗೆ 2016ರ ಹೊತ್ತಿಗೆ ಅರವತ್ತು ತುಂಬಿತು.

ಆ ಪೀಳಿಗೆಗೆ ಜೂನಿಯರ್, ಸೀನಿಯರ್ ಟೈಪಿಂಗ್ ಪರೀಕ್ಷೆಯೇ ದೊಡ್ಡ ಆಸ್ತಿ. ಕಾರ್ಬನ್ ಕಾಗದ, ಸ್ಟೆನ್ಸಿಲ್, ಲೆಡ್ಜರುಗಳಲ್ಲಿ ಕಚೇರಿ ನಡೆಯುತ್ತಿತ್ತು. 1998ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಸೇವೆ ಬೆಳೆಯಿತು, ಕೆಲಸದ ರೀತಿಯೂ ಬದಲಾಯಿತು. ಗಣಕಯಂತ್ರ ಮೇಜಿಗೆ ಬಂದಾಗ, “ಸಾರ್, ನೀವು ಹೇಳಿ, ನಾವು ಹೊಡೆಯುತ್ತೇವೆ” ಎಂದು ಕಿರಿಯರಾದ ನಾವೇ ಮುಂದಾದೆವು. ಉಪಕಾರ ಮಾಡಿದೆವೆಂದು ತಿಳಿದಿದ್ದೆವು.

ನಮ್ಮ ನೆರೆಯ ಹಿರಿಯರೊಬ್ಬರು ನಿವೃತ್ತಿಯ ನಂತರ, ಮಗಳ ಮದುವೆಯ ಸಾಲ ತೀರಿಸಲೆಂದು, ಸೂರತ್ತಿನ ಅಂಗಡಿಯೊಂದಕ್ಕೆ ಲೆಕ್ಕ ಬರೆಯುವ ಕೆಲಸ ಕೇಳಿಕೊಂಡು ಹೋದರು. ಜಮಾಖರ್ಚು ಅವರಿಗೆ ಬಾಯಿಪಾಠ. ಆದರೆ ಯಂತ್ರದ ಮುಂದೆ ಕೂರಿಸಿದಾಗ ಕೈ ನಿಂತುಹೋಯಿತು. ಆ ದಿನ ನಮ್ಮ ಉಪಕಾರದ ಬೆಲೆ ನಮಗೆ ತಿಳಿಯಿತು.

ಈ ವಿದ್ಯೆ ಹಿರಿಯರಿಗೆ ದೂರದ್ದೇ? ನಮ್ಮಂತೆಯೇ ಹೊರನಾಡಿನಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ನೋಡಿ. ವ್ಯಂಜನ ಒತ್ತಿ ಸ್ವರ ಒತ್ತಿದರೆ ಕಾಗುಣಿತ ಮೂಡುತ್ತದೆ. ಬಾಲ್ಯದಲ್ಲಿ ಕಾಗುಣಿತ ತಿದ್ದಿದವರಿಗೆ ಅರ್ಧ ಪಾಠ ಆಗಲೇ ಮುಗಿದಿದೆ! ಪಿಂಚಣಿದಾರರು ನವೆಂಬರಿನಲ್ಲಿ ಬ್ಯಾಂಕಿನೆದುರು ಸಾಲು ನಿಂತು ‘ಬದುಕಿದ್ದೇವೆ’ ಎಂದು ತೋರಿಸಿಕೊಳ್ಳುವ ಕಷ್ಟವನ್ನೂ 2014ರ ನವೆಂಬರ್ 10ರಂದು ಆರಂಭವಾದ ‘ಜೀವನ್ ಪ್ರಮಾಣ್’ ಹಗುರ ಮಾಡಿದೆ. ಬೆರಳಚ್ಚಿನಿಂದ ಆಧಾರ್ ಮೂಲಕ ಗುರುತು ಖಚಿತವಾದರೆ ಜೀವಂತ ಪ್ರಮಾಣಪತ್ರ ಸಲ್ಲಿಕೆಯಾಗುತ್ತದೆ.

ನಮ್ಮ ಹಿರಿಯರ ಕಲಿಕೆಯೂ ಆ ಪ್ರಮಾಣಪತ್ರದಿಂದಲೇ ಆರಂಭವಾಯಿತು. ಭಾನುವಾರಗಳಲ್ಲಿ ಮೊಮ್ಮಗಳು ಪಕ್ಕದಲ್ಲಿ ಕುಳಿತಳು. ನಾವು ಹಳೆಯ ಲೆಡ್ಜರಿನ ಪುಟಗಳನ್ನೇ ಪಾಠಕ್ಕೆ ಕೊಟ್ಟೆವು. ನಾಲ್ಕು ತಿಂಗಳ ಮೇಲೆ ಬೇರೊಂದು ಅಂಗಡಿಯಲ್ಲಿ ಅರ್ಧ ದಿನದ ಕೆಲಸ ದೊರೆಯಿತು. ಮೊದಲ ವಾರವೇ ಅಲ್ಲಿನ ಹಳೆಯ ತಪ್ಪೊಂದನ್ನು ಅವರು ಹುಡುಕಿಕೊಟ್ಟರಂತೆ. ಅದನ್ನು ಹಿಡಿದದ್ದು ಯಂತ್ರವಲ್ಲ, ಅವರ ಮೂವತ್ತು ವರ್ಷದ ಅನುಭವ.

ಆದ್ದರಿಂದ ಬಂಧುಗಳಲ್ಲಿ ನಮ್ಮದೊಂದೇ ವಿನಂತಿ: ಮನೆಯ ಹಿರಿಯರು ತಡವರಿಸಿದಾಗ ಅವರ ಕೈಯಿಂದ ಫೋನು ಕಿತ್ತುಕೊಳ್ಳಬೇಡಿ. ತುಸು ಕಾಯಿರಿ, ಅವರೇ ಒತ್ತಲಿ.