ಚೆಂಡು ನಮ್ಮೂರಿಗೆ ಬಂತು, ಟೆನಿಸ್ ಯಾಕೆ ಬರಲಿಲ್ಲ?

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಈಗ ಹಳ್ಳಿ ಉಳಿದಿರುವುದು ಹೆಸರಲ್ಲಿ ಮಾತ್ರ. 1973ರಲ್ಲಿ ಶುರುವಾದ ಐಐಎಂ ಬೆಂಗಳೂರಿನ ಕ್ಯಾಂಪಸ್ ಇಲ್ಲಿದೆ. ಸುತ್ತಮುತ್ತ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳು. ನಗರದ ಇಂಥ ಕಡೆ ಮಕ್ಕಳು ಟೆನಿಸ್ ಕಲಿಯುವುದು ಗೇಟಿನ ಒಳಗೆ. ನಮ್ಮೂರುಗಳಲ್ಲೂ ಟೆನಿಸ್ ಚೆಂಡು ಇದೆ. ಆದರೆ ಅದರಲ್ಲಿ ನಾವು ಆಡುವುದು ಕ್ರಿಕೆಟ್!

ಟೆನಿಸ್ ದುಡ್ಡಿದ್ದವರ ಆಟ ಅಂತ ನಾವು ಕೈಬಿಟ್ಟಿದ್ದೇವೆ. ಅದರ ಚರಿತ್ರೆ ಬೇರೆ ಮಾತನ್ನೂ ಹೇಳುತ್ತದೆ.

ಯುರೋಪಿನ ರಾಜರು, ಶ್ರೀಮಂತರು ಒಂದು ಕಾಲದಲ್ಲಿ ನಾಲ್ಕು ಗೋಡೆಯೊಳಗೆ ಟೆನಿಸ್ ಆಡುತ್ತಿದ್ದರು. ಬಟ್ಟೆ, ಕೂದಲು ತುಂಬಿದ ಆ ಚೆಂಡು ಹುಲ್ಲಿನ ಮೇಲೆ ಸರಿಯಾಗಿ ಪುಟಿಯುತ್ತಿರಲಿಲ್ಲ. ಒಳಗೆ ಟೊಳ್ಳಿರುವ ರಬ್ಬರ್ ಚೆಂಡು ಬಂದ ಮೇಲೆ ಆಟ ಬಯಲಿಗೆ ಬಂತು. 1874ರಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಬ್ರಿಟಿಷ್ ಮೇಜರ್ ಇದಕ್ಕೆ ಪೇಟೆಂಟ್ ಪಡೆದು, ಬಲೆ, ರಾಕೆಟ್, ಚೆಂಡು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದ. 1877ರಲ್ಲಿ ವಿಂಬಲ್ಡನ್ ಶುರುವಾಯಿತು. ಬ್ರಿಟಿಷರ ಜೊತೆ ಭಾರತಕ್ಕೂ ಬಂದ ಆಟ ಇಲ್ಲಿ ಕ್ಲಬ್ಬುಗಳ ಕಾಂಪೌಂಡಿನೊಳಗೇ ಬೆಳೆಯಿತು.

ಆಗಿನ ಮರದ ರಾಕೆಟ್ಟಿನ ತಲೆ ಚಿಕ್ಕದು. ಚೆಂಡು ನಡುವಿಗೆ ಬೀಳದಿದ್ದರೆ ಹೊಡೆತ ಕೆಡುತ್ತಿತ್ತು. 1976ರಲ್ಲಿ ಹೊವಾರ್ಡ್ ಹೆಡ್ ಎಂಬ ಅಮೆರಿಕದ ಎಂಜಿನಿಯರ್ ಅಗಲ ತಲೆಯ ರಾಕೆಟ್ ತಂದ ಮೇಲೆ ಹೊಸಬರ ಸಣ್ಣಪುಟ್ಟ ತಪ್ಪು ನಡೆಯುವಂತಾಯಿತು. 2007ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಕಲಿಯುವವರಿಗೆ ನಿಧಾನದ ಚೆಂಡು ಕೊಡಿ ಎಂಬ ಅಭಿಯಾನ ಶುರುಮಾಡಿತು. ಕೆಂಪು ಚೆಂಡಿನ ವೇಗ ಮಾಮೂಲಿಗಿಂತ ಶೇ. 75 ಕಡಿಮೆ, ಕಿತ್ತಳೆಯದು ಶೇ. 50, ಹಸಿರಿನದು ಶೇ. 25. ಚೆಂಡು ನಿಧಾನವಾಗಿ ಬಂದು ಕಡಿಮೆ ಎತ್ತರ ಪುಟಿದರೆ, ಓಡಿ ಬಂದು ನಿಂತು ಹೊಡೆಯಲು ಸಮಯ ಸಿಗುತ್ತದೆ.

ನಮ್ಮ ಕ್ರಿಕೆಟ್‌ನಲ್ಲಿ ಸವೆದು, ಪುಟಿತ ಕಡಿಮೆಯಾದ ಚೆಂಡೂ ಹೆಚ್ಚುಕಡಿಮೆ ಇಂಥದ್ದೇ. ಶಾಲೆಯ ಗೋಡೆಗೆ ಮೂರಡಿ ಎತ್ತರದಲ್ಲಿ ಒಂದು ಗೆರೆ ಎಳೆಯಿರಿ; ಕೋರ್ಟಿನ ನಡುವೆ ಬಲೆಯ ಎತ್ತರವೂ ಅಷ್ಟೇ. ಬಲಗೈಯವರು ಮೊದಲು ಎಡ ಭುಜವನ್ನು ಗೋಡೆಯತ್ತ ತಿರುಗಿಸಿ ನಿಲ್ಲಿ. ಕೈಕುಲುಕಿದ ಹಾಗೆ ರಾಕೆಟ್ ಹಿಡಿಯಿರಿ. ಚೆಂಡು ಒಮ್ಮೆ ಪುಟಿಯಲಿ. ಅದು ಮೈಯಿಂದ ಸ್ವಲ್ಪ ಮುಂದಿರುವಾಗಲೇ ಕೆಳಗಿನಿಂದ ಮೇಲಕ್ಕೆ ಬೀಸಿ ಹೊಡೆಯಿರಿ. ಸರ್ವಿಸ್ ಮಾಡುವಾಗ ಮಾತ್ರ ಹಿಡಿತ ಬೇರೆ, ಕೊಡಲಿ ಹಿಡಿದ ಹಾಗೆ. ಜೋರಾಗಿ ಹೊಡೆಯುವುದಕ್ಕಿಂತ ಬಿಡದೆ ಇಪ್ಪತ್ತು ಸಲ ಹೊಡೆಯುವುದು ಮುಖ್ಯ.

ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ ಟೆನಿಸ್ ಶುರುಮಾಡಿದ್ದು 11ನೇ ವಯಸ್ಸಿಗೆ. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ ಒನ್ ಆದರು. ಅವರದು ಕಾಫಿ ಬೆಳೆಗಾರರ ಮನೆ. ಆ ಅನುಕೂಲ ಎಲ್ಲರಿಗೂ ಇಲ್ಲ, ನಿಜ. ದೊಡ್ಡ ಆಟಗಾರರಾಗಲು ಕೋಚ್, ಕೋರ್ಟ್, ಖರ್ಚು ಎಲ್ಲ ಬೇಕು. ಆದರೆ ಮೊದಲ ಪಾಠಕ್ಕೆ ಬೇಕಾದ ಗೋಡೆ ನಮ್ಮೂರಲ್ಲಿದೆ, ಚೆಂಡೂ ಇದೆ. ಇಲ್ಲದಿರುವುದು ರಾಕೆಟ್. ಶಾಲೆಗೆ ಆಟದ ಸಾಮಾನು ತರಿಸುವಾಗ ಕ್ರಿಕೆಟ್ ಬ್ಯಾಟಿನ ಜೊತೆ ನಾಲ್ಕು ರಾಕೆಟ್ಟನ್ನೂ ಪಟ್ಟಿಗೆ ಸೇರಿಸಿ ಅಂತ ಎಸ್‌ಡಿಎಂಸಿ ಸಭೆಯಲ್ಲಿ ನಾವೇ ಕೇಳಬೇಕು.