ಕೆರೆಯಂಗಳದಲ್ಲಿ ಎದ್ದ ಕ್ರೀಡಾಂಗಣಗಳು

ದೊಡ್ಡ ಕ್ರೀಡಾಕೂಟವೊಂದು ಎರಡು ಮೂರು ವಾರಗಳಲ್ಲಿ ಮುಗಿದುಹೋದರೂ ಅದಕ್ಕಾಗಿ ಕಟ್ಟಿದ ಕ್ರೀಡಾಂಗಣ, ರಸ್ತೆ, ವಸತಿ ಸಮುಚ್ಚಯಗಳು ನಗರದಲ್ಲಿ ತಲೆಮಾರುಗಳ ಕಾಲ ಉಳಿಯುತ್ತವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗಾಗಿ ಮಾಡಿದ ಸಾಲ ತೀರಿದ್ದು 2006ರಲ್ಲಿ. 1982ರ ಏಷ್ಯನ್ ಕ್ರೀಡಾಕೂಟ ದೆಹಲಿಗೆ ಮೇಲ್ಸೇತುವೆಗಳನ್ನೂ ಕ್ರೀಡಾಂಗಣಗಳನ್ನೂ ಕ್ರೀಡಾಗ್ರಾಮವನ್ನೂ ಒಟ್ಟಿಗೇ ತಂದಿತು. ಒಲಿಂಪಿಕ್ಸ್ ಆಗಲಿ ಏಷ್ಯನ್ ಕೂಟವಾಗಲಿ ಕರ್ನಾಟಕದಲ್ಲಿ ನಡೆದಿಲ್ಲವಾದರೂ, ವಿಶ್ವಕಪ್ ಕ್ರಿಕೆಟ್ ಪಂದ್ಯಗಳನ್ನೂ 1997ರ ರಾಷ್ಟ್ರೀಯ ಕ್ರೀಡಾಕೂಟವನ್ನೂ ನಡೆಸಿದ ಬೆಂಗಳೂರಿನ ಇತಿಹಾಸವನ್ನು ನೋಡಿದರೆ, ಇಲ್ಲಿ ಆಟಕ್ಕಾಗಿ ತೆತ್ತ ಬೆಲೆಯನ್ನು ಸಾಲದ ಲೆಕ್ಕದಲ್ಲಿ ಅಲ್ಲ, ನೀರಿನ ಲೆಕ್ಕದಲ್ಲಿ ಅಳೆಯಬೇಕಾಗುತ್ತದೆ.

ಬೆಂಗಳೂರಿನ ಕೆರೆಗಳು ಬಿಡಿಬಿಡಿಯಾಗಿ ಇದ್ದವಲ್ಲ. ಒಂದು ಕೆರೆ ತುಂಬಿ ಕೋಡಿ ಬಿದ್ದಾಗ, ಅಂದರೆ ಹೆಚ್ಚುವರಿ ನೀರು ಏರಿಯ ಬದಿಯ ತಗ್ಗಾದ ಕಟ್ಟೆಯ ಮೇಲಿಂದ ಹೊರಹರಿದಾಗ, ಅದು ರಾಜಕಾಲುವೆ ಎನ್ನುವ ದೊಡ್ಡ ಕಾಲುವೆಯ ಮೂಲಕ ತಗ್ಗಿನ ಮುಂದಿನ ಕೆರೆಯನ್ನು ಸೇರುತ್ತಿತ್ತು. ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ ಇದ್ದ ಸಂಪಂಗಿ ಕೆರೆ ಈ ವ್ಯವಸ್ಥೆಯ ಭಾಗವಾಗಿದ್ದು, ಜನರಿಗೆ ಕುಡಿಯುವ ನೀರನ್ನೂ ಸುತ್ತಲಿನ ತೋಟಗಾರರಿಗೆ, ಮುಖ್ಯವಾಗಿ ಹೂವು, ತರಕಾರಿ ಬೆಳೆಯುತ್ತಿದ್ದ ತಿಗಳ ಸಮುದಾಯಕ್ಕೆ, ಬೇಸಾಯದ ನೀರನ್ನೂ ಒದಗಿಸುತ್ತಿತ್ತು. 1890ರ ದಶಕದಲ್ಲಿ ಅರ್ಕಾವತಿಯ ನೀರು ಹೆಸರಘಟ್ಟದಿಂದ ಕೊಳವೆಗಳಲ್ಲಿ ಹರಿದು ಬರತೊಡಗಿದ ಮೇಲೆ ಊರೊಳಗಿನ ಕೆರೆಗಳ ಬಗ್ಗೆ ಆಡಳಿತದ ಕಾಳಜಿ ಕುಗ್ಗಿತು. ಸಂಪಂಗಿ ಕೆರೆ ಕ್ರಮೇಣ ಬತ್ತಿ, ಅದರ ಅಂಗಳ ಪೋಲೋ ಆಟದ ಬಯಲಾಗಿ, 1946ರಲ್ಲಿ ಅಲ್ಲಿ ಕಂಠೀರವ ಕ್ರೀಡಾಂಗಣ ತಲೆಯೆತ್ತಿತು. ಕೆರೆಯನ್ನು ಮುಚ್ಚಿದವರಿಗೂ ಅದರ ನೆನಪನ್ನು ಪೂರ್ತಿ ಅಳಿಸಲಾಗಲಿಲ್ಲ: ಧರ್ಮರಾಯಸ್ವಾಮಿ ದೇವಸ್ಥಾನದ ಕರಗ ಮಹೋತ್ಸವದ ವಿಧಿಗಳು ಸಂಪಂಗಿ ಕೆರೆಯ ದಡದಲ್ಲೇ ನಡೆಯಬೇಕಾದ್ದರಿಂದ, ತಿಗಳ ಸಮುದಾಯದ ಆಚರಣೆಗಾಗಿ ಒಂದು ಸಣ್ಣ ಕೊಳ ಇಂದಿಗೂ ಅಲ್ಲಿ ಉಳಿದಿದೆ.

ಇದೊಂದೇ ಉದಾಹರಣೆಯಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು. ಶೂಲೆ ಕೆರೆಯ ಜಾಗದಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣ ಬಂತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಕೆರೆಯಂಗಳ ಸಮತಟ್ಟಾದ, ಮರಗಿಡಗಳಿಲ್ಲದ ವಿಶಾಲ ಭೂಮಿ. ಸರ್ಕಾರದ ಸ್ವತ್ತಾದ್ದರಿಂದ ಭೂಸ್ವಾಧೀನದ ತಕರಾರಾಗಲಿ ಪರಿಹಾರದ ಹೊರೆಯಾಗಲಿ ಇಲ್ಲ. ಕೂಟದ ದಿನಾಂಕ ಗೊತ್ತಾಗಿ ಕೆಲಸಕ್ಕೆ ಅವಸರ ಬಿದ್ದಾಗ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಇಂಥ ಜಾಗದ ಮೇಲೆಯೇ. ಆದರೆ ಅದು ಸುತ್ತಲಿನ ಪ್ರದೇಶದಲ್ಲೆಲ್ಲ ತಗ್ಗಿನ ತಾಣ ಎಂಬ ಸಂಗತಿ ಕಾಗದಪತ್ರಗಳಲ್ಲಿ ಭೂಮಿಯ ವರ್ಗ ಬದಲಾದ ಮಾತ್ರಕ್ಕೆ ಬದಲಾಗುವುದಿಲ್ಲ.

1997ರ ರಾಷ್ಟ್ರೀಯ ಕ್ರೀಡಾಕೂಟ ಈ ಹಾದಿಯಲ್ಲೇ ಸಾಗಿತು. ಕಂಠೀರವ ಕ್ರೀಡಾಂಗಣ ಅದಕ್ಕಾಗಿ ಹೊಸ ರೂಪ ಪಡೆಯಿತು. ಕೋರಮಂಗಲ ಮತ್ತು ಈಜಿಪುರದ ನಡುವಿನ ಹಳೆಯ ಕೆರೆಯ ನೆಲದಲ್ಲಿ ಕ್ರೀಡಾಪಟುಗಳಿಗಾಗಿ ರಾಷ್ಟ್ರೀಯ ಕ್ರೀಡಾಗ್ರಾಮ ಎದ್ದು, ಕೂಟ ಮುಗಿದ ಮೇಲೆ ಅದು ಜನವಸತಿಯಾಯಿತು. ಆ ಭಾಗದ ತಗ್ಗು ಬೀದಿಗಳು ಜೋರು ಮಳೆಗೆ ಪದೇ ಪದೇ ಜಲಾವೃತವಾಗುವುದಕ್ಕೆ ಕ್ರೀಡಾಗ್ರಾಮವೊಂದೇ ಕಾರಣವೆಂದು ಹೇಳುವುದು ಅನ್ಯಾಯ. ಆದರೂ ನೀರು ನಿಲ್ಲುತ್ತಿದ್ದ ಕಡೆ ಮನೆ ಕಟ್ಟುವ ರೂಢಿಗೆ ಸರ್ಕಾರವೇ ಮೇಲ್ಪಂಕ್ತಿ ಹಾಕಿಕೊಟ್ಟಿತೆಂಬುದು ನಿಜ.

ಚಿನ್ನಸ್ವಾಮಿ ಕ್ರೀಡಾಂಗಣದ ಕತೆ ಬೇರೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಆಡಿದ 1974ರ ವೆಸ್ಟ್ ಇಂಡೀಸ್ ಟೆಸ್ಟ್ ಅಲ್ಲಿ ನಡೆದ ಮೊದಲ ಟೆಸ್ಟ್ ಪಂದ್ಯ. 1996ರ ವಿಶ್ವಕಪ್‌ನ ಭಾರತ ಮತ್ತು ಪಾಕಿಸ್ತಾನ ನಡುವಿನ ಕ್ವಾರ್ಟರ್ ಫೈನಲ್‌ಗೆ ಅಲ್ಲಿ ಹೊನಲು ಬೆಳಕಿನ ವ್ಯವಸ್ಥೆ ಬಂತು. ಮೈದಾನ ಬೆಳೆದಂತೆ ಅದರ ಸುತ್ತಲಿನ ಬೀದಿಗಳು ಬೆಳೆಯಲಿಲ್ಲ. 2025ರ ಜೂನ್ 4ರಂದು ಅದರ ಬಾಗಿಲುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು; ಅದೇ ವರ್ಷದ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನ ಕೈತಪ್ಪಿ ನವಿ ಮುಂಬಯಿಗೆ ಹೋದವು. ಕ್ರೀಡಾಂಗಣದ ಒಳಗೆ ಎಷ್ಟು ಆಸನಗಳಿವೆ ಎಂಬುದಕ್ಕಿಂತ, ಹೊರಗೆ ಜನ ನಿಲ್ಲಲು, ಸರಿಯಲು ಜಾಗ ಎಷ್ಟಿದೆ ಎಂಬುದು ದೊಡ್ಡ ಪ್ರಶ್ನೆ ಎಂದು ಈ ದುರಂತ ಬಹಳ ತಡವಾಗಿ ತಿಳಿಸಿತು.

ಶಿವಮೊಗ್ಗಕ್ಕೆ ಈ ಇತಿಹಾಸ ದೂರದ್ದಲ್ಲ. ದುರ್ಗಿಗುಡಿಯ ಜನರಿಗೆ ಹತ್ತಿರದ ನೆಹರೂ ಕ್ರೀಡಾಂಗಣ ನಗರದ ನಡುವೆಯೇ ಇದೆ. ನವುಲೆಯ ಕ್ರಿಕೆಟ್ ಮೈದಾನದಲ್ಲಿ ರಣಜಿ ಪಂದ್ಯಗಳು ನಡೆದಿವೆ. ಮಲೆನಾಡಿನ ಮಳೆಯಂತೂ ಬೆಂಗಳೂರಿನ ಮಳೆಗಿಂತ ಬಹಳ ಹೆಚ್ಚು. ಹೊಸ ಕ್ರೀಡಾಂಗಣಕ್ಕೆ ಜಾಗ ಗುರುತಿಸುವ ಮುನ್ನ ಶಿವಮೊಗ್ಗ ಮತ್ತು ಭದ್ರಾವತಿಯ ಆಡಳಿತಗಾರರು ಹಳೆಯ ಗ್ರಾಮನಕ್ಷೆಯನ್ನು ಬಿಡಿಸಿ, ಕೆರೆ, ಕೋಡಿ, ಕಾಲುವೆಗಳ ಗುರುತುಗಳನ್ನು ನೋಡಲಿ. ಆ ನಕ್ಷೆಯನ್ನು ಸಾರ್ವಜನಿಕರ ಮುಂದಿಡುವಂತೆ ಇಲ್ಲಿನ ಕ್ರೀಡಾಪ್ರೇಮಿಗಳೇ ಮೊದಲು ಒತ್ತಾಯಿಸಲಿ.